ಮಾಂಜ್ರಾ ಆಚೆಯ ಔರಾದಕ್ಕೆ ಎಷ್ಟು ದಾರಿ?

“ಸರ್ವರ್ ಇಲ್ರಿ, ನಾಳೆ ಬರ್ರಿ.”

ಬೀದರ್ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳದವರು ಕಡಿಮೆ. ಪಹಣಿ ತೆಗೆಸಲು ಬಂದ ರೈತ, ಪಿಂಚಣಿ ವಿಚಾರಿಸಲು ಬಂದ ಅಜ್ಜಿ, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಸಾಲಿನಲ್ಲಿ ನಿಂತವರು, ಎಲ್ಲರೂ ಇದನ್ನು ಕೇಳಿಸಿಕೊಂಡು ಮನೆಗೆ ಮರಳಿದವರೇ. ಆದರೆ ಬಹಳ ಸಲ ಸರ್ವರ್ ಬೆಂಗಳೂರಿನಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇರುತ್ತದೆ. ಇಲ್ಲವಾಗಿರುವುದು ಅದನ್ನು ಮುಟ್ಟುವ ದಾರಿ. ಎಲ್ಲೋ ಜೆಸಿಬಿಯ ಹಲ್ಲಿಗೆ ಸಿಕ್ಕಿ ನೆಲದೊಳಗಿನ ಫೈಬರ್ ಕಡಿದಿರುತ್ತದೆ, ಇಲ್ಲವೇ ಯಾವುದೋ ಪೆಟ್ಟಿಗೆಗೆ ಕರೆಂಟ್ ಹೋಗಿರುತ್ತದೆ. ಬದಲಿ ದಾರಿ ಇದ್ದಿದ್ದರೆ, ಆ ದಾರಿಯನ್ನು ಯಂತ್ರ ತಾನಾಗಿ ಹುಡುಕಿಕೊಂಡಿದ್ದರೆ, ಅಜ್ಜಿಯ ಕೆಲಸ ಅಂದೇ ಮುಗಿಯುತ್ತಿತ್ತು.

ಹೀಗೆ ದಾರಿ ಹುಡುಕುವ ಯಂತ್ರಕ್ಕೆ ರೂಟರ್ ಎಂದು ಹೆಸರು. ದಾರಿಯ ಬಗ್ಗೆ ರೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ನಿಯಮಕ್ಕೆ ರೂಟಿಂಗ್ ಪ್ರೋಟೊಕಾಲ್ ಎನ್ನುತ್ತಾರೆ. ಈ ನಿಯಮಗಳು ಸರಿಯಾಗಿ ನಡೆಯುತ್ತವೆಯೇ ಎಂದು ತಂತಿ ಕಡಿಯುವ ಮೊದಲೇ ತಿಳಿಯಲು ಒಂದು ಉಪಾಯವಿದೆ. ಇಡೀ ಜಾಲವನ್ನು ಒಂದು ಲ್ಯಾಪ್‌ಟಾಪಿನೊಳಗೆ ಕಟ್ಟಿ, ಅಲ್ಲಿಯೇ ಕಡಿದು ನೋಡುವುದು. ಇದಕ್ಕೆ ಬೇಕಾದ ತಂತ್ರಾಂಶದಲ್ಲಿ ಬಹುಪಾಲು ಇಂದು ಉಚಿತವಾಗಿಯೇ ಸಿಗುತ್ತದೆ.

ಕೇಳಿದ ಮಾತು, ಬರೆದ ನಕ್ಷೆ

ಬೀದರ್ ಜಿಲ್ಲೆಯ ನಕ್ಷೆಯಲ್ಲಿ ಬೀದರ್, ಭಾಲ್ಕಿ, ಔರಾದ ಸೇರಿ ಒಂದು ತ್ರಿಕೋನವಾಗುತ್ತದೆ. ಬೀದರ್ ಮತ್ತು ಭಾಲ್ಕಿ ಪಟ್ಟಣಗಳು ಮಾಂಜ್ರಾ ನದಿಯ ದಕ್ಷಿಣಕ್ಕಿವೆ. ಔರಾದ ನದಿಯಾಚೆ, ಉತ್ತರಕ್ಕೆ. ಕರ್ನಾಟಕದ ನೆತ್ತಿಯ ಮೇಲಿರುವ ಊರು ಅದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಈ ಮೂರು ಊರುಗಳಲ್ಲಿ ಒಂದೊಂದು ರೂಟರ್ ಇದೆ, ಬೆಂಗಳೂರಿನ ಕಡೆಯ ದಾರಿ ಬೀದರಿನಿಂದ ಹೊರಡುತ್ತದೆ ಎಂದು ಇಟ್ಟುಕೊಂಡರೆ ರೂಟಿಂಗ್‌ನ ಕಥೆಯನ್ನೆಲ್ಲ ಇಲ್ಲಿಯೇ ಹೇಳಬಹುದು.

ಇಂಟರ್ನೆಟ್ಟಿನಲ್ಲಿ ಮಾಹಿತಿ ಸಣ್ಣಸಣ್ಣ ಪ್ಯಾಕೆಟ್‌ಗಳಾಗಿ ಸಾಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಅದು ತಲುಪಬೇಕಾದ ವಿಳಾಸವಿರುತ್ತದೆ. ಪೂರ್ತಿ ದಾರಿ ಹಿಡಿಸಿ ಕಳಿಸುವ ಹೊಣೆ ರೂಟರ್‌ಗೆ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದವರಿಗೆ ಮುಂದಿನ ಬಸ್ಸು ತೋರಿಸಿ ಸುಮ್ಮನಾಗುವವರ ಹಾಗೆ, ಮುಂದಿನ ಊರು ಯಾವುದೆಂದು ಅದು ತನ್ನ ಪಟ್ಟಿ ನೋಡಿ ಹೇಳುತ್ತದೆ, ಅಷ್ಟೆ. ಆ ಪಟ್ಟಿಯನ್ನು ತುಂಬುವ ಕೆಲಸ ಪ್ರೋಟೊಕಾಲಿನದು.

ಹಳೆಯ ಪ್ರೋಟೊಕಾಲುಗಳಲ್ಲೊಂದು ರಿಪ್. ಇದು ಕೇಳಿದ ಮಾತಿನ ಮೇಲೆ ನಡೆಯುತ್ತದೆ. ಪ್ರತಿ ರೂಟರ್ 30 ಸೆಕೆಂಡಿಗೊಮ್ಮೆ ನೆರೆಯವರಿಗೆ “ಇಂಥ ಜಾಗಕ್ಕೆ ನನ್ನಿಂದ ಇಷ್ಟು ಹೆಜ್ಜೆ” ಎಂದು ಸಾರುತ್ತದೆ. ಔರಾದಕ್ಕೆ ಭಾಲ್ಕಿಯ ಮೂಲಕ ಮಾತ್ರ ಸಂಪರ್ಕವಿದೆ ಎಂದುಕೊಳ್ಳಬಹುದು. ಬೆಂಗಳೂರಿಗೆ ಬೀದರಿನಿಂದ 1 ಹೆಜ್ಜೆ, ಭಾಲ್ಕಿಯಿಂದ 2, ಔರಾದದಿಂದ 3. ಈಗ ಬೀದರ್–ಭಾಲ್ಕಿ ನಡುವಿನ ತಂತಿ ಕಡಿಯಿತು. ದಾರಿ ತಪ್ಪಿದ ಭಾಲ್ಕಿಗೆ ಔರಾದದ ಹಳೆಯ ಮಾತು ಕೇಳಿಸುತ್ತದೆ, “ನನ್ನಿಂದ 3 ಹೆಜ್ಜೆ.” ಆ ಮೂರು ಹೆಜ್ಜೆಯ ದಾರಿ ತನ್ನ ಮೇಲಿಂದಲೇ ಹಾದುಹೋಗುತ್ತಿತ್ತೆಂಬುದು ಭಾಲ್ಕಿಗೆ ಗೊತ್ತಿಲ್ಲ. ಸರಿ, ಔರಾದದ ಮೇಲಿಂದ 4 ಎಂದು ಬರೆದುಕೊಳ್ಳುತ್ತದೆ. ಅದನ್ನು ಕೇಳಿ ಔರಾದ 5 ಎನ್ನುತ್ತದೆ. ಭಾಲ್ಕಿ 6. ಹೀಗೆ ಅಂಕಿ ಏರುತ್ತಾ ಹೋಗುತ್ತದೆ, ಪ್ಯಾಕೆಟ್‌ಗಳು ಎರಡೂ ಊರಿನ ನಡುವೆ ಚೆಂಡಿನಂತೆ ಪುಟಿಯುತ್ತವೆ. ಕೊನೆಗೆ 16 ಮುಟ್ಟಿದಾಗ “ದಾರಿ ಇಲ್ಲ” ಎಂದು ಇಬ್ಬರೂ ಒಪ್ಪುತ್ತಾರೆ. 16 ಎಂದರೆ ಅನಂತ ಎಂದು ರಿಪ್ ಮೊದಲೇ ಗೊತ್ತುಮಾಡಿಕೊಂಡಿದೆ. ಯಾರಿಂದ ಕೇಳಿದ ಸುದ್ದಿಯೋ ಅವರಿಗೇ ಅದನ್ನು ತಿರುಗಿ ಹೇಳಬಾರದು ಎಂಬ ನಿಯಮ ಆಮೇಲೆ ಸೇರಿಕೊಂಡಿತು. ಊರುಗಳು ಸುತ್ತುಗಟ್ಟಿ ನಿಂತಾಗ ಆ ನಿಯಮವೂ ಕೆಲವೊಮ್ಮೆ ಸೋಲುತ್ತದೆ.

ಓಎಸ್‌ಪಿಎಫ್ ಎಂಬ ಪ್ರೋಟೊಕಾಲ್ ಕೇಳಿದ ಮಾತನ್ನು ನಂಬುವುದಿಲ್ಲ. ಪ್ರತಿ ರೂಟರ್ ತನಗೆ ನೇರವಾಗಿ ತಾಗಿದ ತಂತಿಗಳ ವಿವರವನ್ನಷ್ಟೇ ಎಲ್ಲರಿಗೂ ತಲುಪಿಸುತ್ತದೆ. ಆ ತುಣುಕುಗಳನ್ನು ಜೋಡಿಸಿ ಪ್ರತಿಯೊಂದೂ ಇಡೀ ಜಾಲದ ನಕ್ಷೆಯನ್ನು ತಾನೇ ಬರೆದುಕೊಳ್ಳುತ್ತದೆ. ನಕ್ಷೆ ಕೈಯಲ್ಲಿದ್ದ ಮೇಲೆ ಹತ್ತಿರದ ದಾರಿಯನ್ನು ಲೆಕ್ಕ ಹಾಕಬಹುದು. ಆ ಲೆಕ್ಕವನ್ನು ಕೊಟ್ಟವರು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರ ಜಗಲಿಯಲ್ಲಿ, ಮದುವೆಯಾಗಲಿದ್ದ ಹುಡುಗಿಯ ಜೊತೆ ಕಾಫಿಗೆ ಕುಳಿತಿದ್ದಾಗ, ಕಾಗದ ಪೆನ್ನಿಲ್ಲದೆ ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು ಎಂದು ಅವರೇ ಮುಂದೆ ಹೇಳಿಕೊಂಡಿದ್ದರು. ಅದು ಅಚ್ಚಾದದ್ದು 1959ರಲ್ಲಿ.

ಮೂರನೆಯದು ಬಿಜಿಪಿ. ಒಂದು ಕಂಪನಿಯ ಜಾಲ ಇನ್ನೊಂದು ಕಂಪನಿಯ ಜಾಲದೊಡನೆ, ಒಂದು ದೇಶ ಇನ್ನೊಂದು ದೇಶದೊಡನೆ ಮಾತಾಡುವುದು ಇದರಲ್ಲೇ. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆದ ಸಭೆಯ ನಡುವೆ ಕರ್ಕ್ ಲೋಹೀಡ್ ಮತ್ತು ಯಾಕೊವ್ ರೆಖ್ಟರ್ ಊಟದ ಮೇಜಿನಲ್ಲಿ, ಕೈ ಒರೆಸುವ ಕಾಗದದ ಮೇಲೆ ಇದರ ಮೊದಲ ರೂಪ ಗೀಚಿದರು. ಇಡೀ ಜಗತ್ತಿನ ಇಂಟರ್ನೆಟ್ಟನ್ನು ಇಂದಿಗೂ ಹಿಡಿದಿಟ್ಟಿರುವುದು ಅದರ ಮೊಮ್ಮಗುವೇ.

ತಪ್ಪು ಎಲ್ಲಿ ಅಡಗಿರುತ್ತದೆ?

ಈ ನಿಯಮಗಳನ್ನು ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹತ್ತಾರು ರೂಟರ್‌ಗಳು ಒಂದೇ ಸಲ ಮಾತಾಡತೊಡಗಿದಾಗ, ಅದರಲ್ಲೊಂದು ಕೆಟ್ಟಾಗ ಏನಾಗುತ್ತದೆಂಬುದು ಓದಿನಲ್ಲಿ ಕಾಣುವುದಿಲ್ಲ. 1980ರ ಅಕ್ಟೋಬರ್ 27ರಂದು ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ ಹಲವು ಗಂಟೆ ಸ್ತಬ್ಧವಾದ ಘಟನೆ ಇದಕ್ಕೆ ಒಳ್ಳೆಯ ಉದಾಹರಣೆ.

ಆ ಜಾಲದಲ್ಲಿ ಪ್ರತಿ ಸುದ್ದಿಗೂ 0ಯಿಂದ 63ರವರೆಗೆ ಒಂದು ಕ್ರಮಸಂಖ್ಯೆ ಇರುತ್ತಿತ್ತು. 63 ಮುಗಿದರೆ ಗಡಿಯಾರದ ಮುಳ್ಳಿನಂತೆ ಮತ್ತೆ 0. ಎರಡು ಸುದ್ದಿಗಳಲ್ಲಿ ಹೊಸದು ಯಾವುದೆಂದು ತಿಳಿಯಲು ಗಡಿಯಾರದ ಅರ್ಧ ಸುತ್ತನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅಂದು ಒಂದು ಯಂತ್ರದ ಬಿಡಿಭಾಗ ಕೆಟ್ಟು, 44 ಎಂಬ ಸಂಖ್ಯೆಯ ಬಿಟ್‌ಗಳು ಉದುರಿ 40 ಮತ್ತು 8 ಎಂಬ ಎರಡು ಸುಳ್ಳು ಪ್ರತಿಗಳು ಹುಟ್ಟಿದವು. ನಿಯಮದ ಪ್ರಕಾರ 44 ಎಂಬುದು 40ಕ್ಕಿಂತ ಹೊಸದು. 40 ಎಂಬುದು 8ಕ್ಕಿಂತ ಹೊಸದು. ಸುತ್ತು ಹಾಕಿ ಎಣಿಸಿದರೆ 8 ಎಂಬುದು 44ಕ್ಕಿಂತ ಹೊಸದು! ಮೂರೂ ಒಂದರ ಬೆನ್ನಿಗೊಂದು ಓಡುತ್ತ, ಪ್ರತಿ ಯಂತ್ರವೂ ಪ್ರತಿ ಸಲವೂ “ಹೊಸ ಸುದ್ದಿ ಬಂತು” ಎಂದು ಎಲ್ಲರಿಗೂ ಹಂಚುತ್ತ, ಜಾಲದ ತುಂಬ ಅದೊಂದೇ ಸುದ್ದಿ ತುಂಬಿಕೊಂಡಿತು. ಒಂದು ಯಂತ್ರವನ್ನು ನಿಲ್ಲಿಸಿ ಚಾಲೂ ಮಾಡಿದರೆ ಪಕ್ಕದ ಯಂತ್ರ ಅದಕ್ಕೆ ಮತ್ತೆ ಅದೇ ರೋಗ ಅಂಟಿಸುತ್ತಿತ್ತು. ಮುಂದೆ ಬಂದ ಓಎಸ್‌ಪಿಎಫ್ ಈ ಪಾಠ ಕಲಿತಿದೆ. ಅದರ ಕ್ರಮಸಂಖ್ಯೆ ಸುತ್ತು ಹಾಕುವುದಿಲ್ಲ, ಪ್ರತಿ ಸುದ್ದಿಗೂ ಆಯುಷ್ಯವಿದೆ, ಅಕ್ಷರ ಉದುರಿದೆಯೇ ಎಂದು ತಾಳೆ ನೋಡುವ ಲೆಕ್ಕವಿದೆ.

ಬಿಜಿಪಿಯ ಕಥೆ ಬೇರೆ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟು, ಯೂಟ್ಯೂಬಿನ ಕೆಲವು ವಿಳಾಸಗಳು ತನ್ನಲ್ಲಿವೆ ಎಂದು ಸಾರಿತು. ಯೂಟ್ಯೂಬ್ 1,024 ವಿಳಾಸಗಳ ಒಂದು ಗುಂಪನ್ನು ಸಾರುತ್ತಿದ್ದರೆ ಇದು ಅದರೊಳಗಿನ 256ನ್ನು ಮಾತ್ರ ಸಾರಿತ್ತು. ಹೆಚ್ಚು ನಿಖರವಾದ ವಿಳಾಸ ಹೇಳಿದವರ ಕಡೆಗೇ ಹೋಗಬೇಕೆಂಬುದು ರೂಟರ್‌ಗಳ ನಿಯಮ. ಸುದ್ದಿ ದೇಶದ ಗಡಿ ದಾಟಿ ಸೋರಿದ್ದೇ ತಡ, ಜಗತ್ತಿನ ಯೂಟ್ಯೂಬ್ ಪ್ಯಾಕೆಟ್‌ಗಳು ಪಾಕಿಸ್ತಾನದ ದಾರಿ ಹಿಡಿದು ಅಲ್ಲಿಯೇ ಇಲ್ಲವಾದವು. ಎರಡು ಗಂಟೆಗೂ ಮೀರಿ ಇದು ನಡೆಯಿತು. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ನಂತರ ಭಾರತದಲ್ಲಿ ವಾಟ್ಸ್‌ಆ್ಯಪ್, ಫೇಸ್‌ಬುಕ್ ಎರಡೂ ನಿಂತದ್ದು ಅನೇಕರಿಗೆ ನೆನಪಿರಬಹುದು. ಮಾಮೂಲಿ ನಿರ್ವಹಣೆಯ ಒಂದು ಆದೇಶ ಫೇಸ್‌ಬುಕ್ಕಿನ ಬೆನ್ನೆಲುಬಿನಂಥ ಜಾಲವನ್ನೇ ಬೇರ್ಪಡಿಸಿತು. ತಪ್ಪು ಆದೇಶಗಳನ್ನು ತಡೆಯಬೇಕಿದ್ದ ಪರೀಕ್ಷಾ ತಂತ್ರಾಂಶದಲ್ಲಿಯೇ ದೋಷವಿತ್ತು. ಜಾಲ ಮರಳಿ ಬರಲು ಸುಮಾರು ಆರು ಗಂಟೆ ಹಿಡಿಯಿತು.

ಇನ್ನೂ ಸೂಕ್ಷ್ಮವಾದದ್ದು 2010ರ ಆಗಸ್ಟ್ 27ರ ಘಟನೆ. ಯುರೋಪಿನ ವಿಳಾಸ ನೋಂದಣಿ ಸಂಸ್ಥೆ ರೈಪ್ ಎನ್‌ಸಿಸಿ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸೇರಿ ಬಿಜಿಪಿಯ ನಿಯಮಕ್ಕೆ ತಕ್ಕಂತೆಯೇ ಇದ್ದ ಒಂದು ಹೊಸ ಗುರುತನ್ನು ಸೇರಿಸಿ ಪ್ರಯೋಗಕ್ಕೆಂದು ಒಂದು ಸುದ್ದಿ ಸಾರಿದರು. ಸಿಸ್ಕೊ ಕಂಪನಿಯ ಒಂದು ಬಗೆಯ ರೂಟರ್‌ಗಳು ಆ ಸುದ್ದಿಯನ್ನು ಮುಂದೆ ದಾಟಿಸುವಾಗ ಕೆಡಿಸಿದವು. ಕೆಟ್ಟ ಸುದ್ದಿ ಪಡೆದ ನೆರೆಯ ರೂಟರ್‌ಗಳು ಸಂಬಂಧವನ್ನೇ ಕಡಿದುಕೊಂಡವು. ಅರ್ಧ ಗಂಟೆಯೊಳಗೆ ಪ್ರಯೋಗ ನಿಲ್ಲಿಸಬೇಕಾಯಿತು. ನಿಯಮದಲ್ಲಿ ತಪ್ಪಿರಲಿಲ್ಲ, ಸುದ್ದಿಯಲ್ಲೂ ಇರಲಿಲ್ಲ. ತಪ್ಪಿದ್ದದ್ದು ಆ ನಿಯಮವನ್ನು ನಡೆಸುವ ತಂತ್ರಾಂಶದ ಒಳಗೆ. ಆ ತಂತ್ರಾಂಶವನ್ನೇ ಓಡಿಸಿ ನೋಡದ ಹೊರತು ಇಂಥದ್ದು ಸಿಕ್ಕುವುದಿಲ್ಲ.

ಎರಡು ಬಗೆಯ ಪ್ರಯೋಗಶಾಲೆ

ಓಡಿಸಿ ನೋಡಲು ಎರಡು ಬಗೆಗಳಿವೆ. ಮೊದಲನೆಯದು ಸಿಮ್ಯುಲೇಟರ್. ಇಲ್ಲಿ ರೂಟರ್, ತಂತಿ, ಪ್ಯಾಕೆಟ್ ಎಲ್ಲವೂ ಲೆಕ್ಕದ ಮಾದರಿಗಳು. ಕಾಲವೂ ಸಿಮ್ಯುಲೇಟರಿನದ್ದೇ. ಜಾಲ ಚಿಕ್ಕದಿದ್ದರೆ ಒಂದು ದಿನದ ಓಡಾಟವನ್ನು ಕೆಲವೇ ನಿಮಿಷದಲ್ಲಿ ಮುಗಿಸಬಹುದು, ದೊಡ್ಡದಿದ್ದರೆ ಒಂದು ನಿಮಿಷಕ್ಕೆ ಒಂದು ಗಂಟೆ ಹಿಡಿಯಬಹುದು. ಎಷ್ಟು ಸಲ ಓಡಿಸಿದರೂ ಅದೇ ಆರಂಭಕ್ಕೆ ಅದೇ ಉತ್ತರ ಬರುತ್ತದೆ. ಸಂಶೋಧನೆಗೆ ಇದು ದೊಡ್ಡ ಅನುಕೂಲ. 2008ರಿಂದ ಬಳಕೆಗೆ ಬಂದ ಎನ್‌ಎಸ್-3, ಅದಕ್ಕೂ ಹಿಂದಿನ ಎನ್‌ಎಸ್-2, ಬೆಂಗಳೂರಿನ ಟೆಟ್‌ಕಾಸ್ ಕಂಪನಿಯ ನೆಟ್‌ಸಿಮ್ ಈ ಗುಂಪಿನವು.

ಎರಡನೆಯ ಬಗೆ ತಂತ್ರಾಂಶ ರೂಟರ್. ಇದು ಮಾದರಿ ಅಲ್ಲ, ನಿಜವಾದ ರೂಟರಿನ ಬುದ್ಧಿಯೇ. ಪೆಟ್ಟಿಗೆ ಇಲ್ಲ, ಅಷ್ಟೆ. 1996ರಲ್ಲಿ ಜಪಾನಿನ ಕುನಿಹಿರೊ ಇಶಿಗುರೊ ಜೀಬ್ರಾ ಎಂಬ ಮುಕ್ತ ತಂತ್ರಾಂಶ ಶುರು ಮಾಡಿದರು. ಅದರ ಕವಲಾಗಿ ಕ್ವಾಗಾ ಬಂತು. ಕ್ವಾಗಾ ಎಂಬುದು ಅಳಿದುಹೋದ ಜೀಬ್ರಾ ಉಪಜಾತಿಯೊಂದರ ಹೆಸರು. ಕ್ವಾಗಾದಿಂದ 2017ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಎಫ್‌ಆರ್‌ಆರ್ ಹೊರಬಂತು. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕೆಲಸವಾಗಿ ಹುಟ್ಟಿದ ಬರ್ಡ್ ಇಂದು ಹಲವು ದೇಶಗಳ ಇಂಟರ್ನೆಟ್ ವಿನಿಮಯ ಕೇಂದ್ರಗಳಲ್ಲಿ ದುಡಿಯುತ್ತಿದೆ. ಮೈಕ್ರೊಸಾಫ್ಟ್ ಆರಂಭಿಸಿದ ಸಾನಿಕ್ ಎಂಬ ಸ್ವಿಚ್ ತಂತ್ರಾಂಶದೊಳಗೆ ಬಿಜಿಪಿ ಮಾತಾಡುವುದು ಎಫ್‌ಆರ್‌ಆರ್. ಅಂದರೆ ದೊಡ್ಡ ಡೇಟಾ ಸೆಂಟರಿನಲ್ಲಿ ಓಡುವ ಅದೇ ಸಾಲುಗಳು ಭಾಲ್ಕಿಯ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ಇವುಗಳನ್ನು ಒಂದೇ ಯಂತ್ರದೊಳಗೆ ಜೋಡಿಸಲು ಲಿನಕ್ಸ್‌ನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಸೌಲಭ್ಯವಿದೆ. ವಾಡೆಯೊಂದರಲ್ಲಿ ಗೋಡೆ ಎಬ್ಬಿಸಿ ಬೇರೆಬೇರೆ ಸಂಸಾರ ಮಾಡಿಕೊಂಡಂತೆ, ಒಂದೇ ಕಂಪ್ಯೂಟರಿನೊಳಗೆ ಪ್ರತಿಯೊಂದಕ್ಕೂ ಅದರದೇ ವಿಳಾಸ, ಅದರದೇ ದಾರಿಪಟ್ಟಿ ಇರುವ ಹಲವು ಕೋಣೆಗಳಾಗುತ್ತವೆ. ಈ ಕೆಲಸವನ್ನು ವಿದ್ಯಾರ್ಥಿಗಳಿಗೆ ಹಗುರ ಮಾಡಿಕೊಟ್ಟ ಒಂದು ಸಾಧನ ಕರ್ನಾಟಕದಲ್ಲೇ ಹುಟ್ಟಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಕಟ್ಟಿದ ನೆಸ್ಟ್ ಅದು. 2020ರಲ್ಲಿ ಅಂತರರಾಷ್ಟ್ರೀಯ ಕಾರ್ಯಾಗಾರವೊಂದರಲ್ಲಿ ಇದರ ಪ್ರಬಂಧ ಮಂಡನೆಯಾಯಿತು. ಪೈಥಾನ್ ಭಾಷೆಯಲ್ಲಿ ಕೆಲವು ಸಾಲು ಬರೆದರೆ ಕೋಣೆಗಳನ್ನು ಕಟ್ಟುವುದು, ತಂತಿ ಎಳೆಯುವುದು, ಕ್ವಾಗಾ ಅಥವಾ ಎಫ್‌ಆರ್‌ಆರ್ ಮೂಲಕ ರಿಪ್, ಓಎಸ್‌ಪಿಎಫ್ ಚಾಲೂ ಮಾಡುವುದು ಎಲ್ಲವನ್ನೂ ನೆಸ್ಟ್ ನೋಡಿಕೊಳ್ಳುತ್ತದೆ. ಅದೇ ವರ್ಷ ಇದೇ ತಂಡದ ಎಫ್‌ಕ್ಯೂ-ಪೈ ಎಂಬ ಪ್ಯಾಕೆಟ್ ಸಾಲು ನಿರ್ವಹಣೆಯ ಕ್ರಮ ಲಿನಕ್ಸ್‌ನ 5.6ನೇ ಆವೃತ್ತಿಯೊಳಗೆ ಸೇರಿತು.

ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯ ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮಿಸ್ಟರಿನ ನೆಟ್‌ವರ್ಕ್ ಪ್ರಯೋಗಗಳಲ್ಲಿ ಸಿಮ್ಯುಲೇಟರ್ ಬಳಕೆಯೂ ಇತ್ತು, ರಿಪ್‌ನ ಹಿಂದಿರುವ ಬೆಲ್‌ಮನ್–ಫೋರ್ಡ್ ಲೆಕ್ಕವೂ ಇತ್ತು. ಅಲ್ಲಿಂದ ತಂತ್ರಾಂಶ ರೂಟರಿಗೆ ಒಂದೇ ಹೆಜ್ಜೆ.

ಲ್ಯಾಪ್‌ಟಾಪಿನೊಳಗಿನ ತ್ರಿಕೋನ

ಆ ಹೆಜ್ಜೆ ಇಟ್ಟವರಿಗೆ ಏನು ಕಾಣುತ್ತದೆ? ಬೀದರ್, ಭಾಲ್ಕಿ, ಔರಾದ ಎಂಬ ಮೂರು ಕೋಣೆ. ಪ್ರತಿ ಜೋಡಿಯ ನಡುವೆ ಒಂದು ತಂತಿ. ಮೂರರಲ್ಲೂ ಎಫ್‌ಆರ್‌ಆರ್, ಅದರಲ್ಲಿ ಓಎಸ್‌ಪಿಎಫ್. ದಾರಿಯ ಲೆಕ್ಕಕ್ಕೆ ಪ್ರತಿ ತಂತಿಯ ಬೆಲೆ 10. ಔರಾದದಿಂದ ಬೀದರಿಗೆ ನೇರ ದಾರಿಯ ಬೆಲೆ 10, ಭಾಲ್ಕಿ ಬಳಸಿ ಹೋದರೆ 20. ಹಾಗಾಗಿ ಪ್ಯಾಕೆಟ್‌ಗಳು ನೇರ ಹೋಗುತ್ತವೆ. ಔರಾದದಿಂದ ಬೀದರಿಗೆ ಸೆಕೆಂಡಿಗೊಂದರಂತೆ ಪಿಂಗ್, ಅಂದರೆ “ಇದ್ದೀಯಾ” ಎಂದು ಕೇಳುವ ಪ್ಯಾಕೆಟ್, ಬಿಟ್ಟರೆ ಪರದೆಯ ಮೇಲೆ ಸಾಲು ಸಾಲು ಉತ್ತರ ಮೂಡುತ್ತದೆ.

ಈಗ ನೇರ ತಂತಿಯನ್ನು ಕೆಳಗಿಳಿಸಿದರೆ ರೂಟರ್‌ಗೆ ಕೂಡಲೇ ಗೊತ್ತಾಗುತ್ತದೆ, ಬಹಳವೆಂದರೆ ಒಂದೆರಡು ಪಿಂಗ್ ತಪ್ಪಬಹುದು. ಇದು ಸುಲಭದ ಪರೀಕ್ಷೆ. ನೆಲದ ಮೇಲೆ ಮಾತ್ರ ತಂತಿ ಯಾವಾಗಲೂ ಹೀಗೆ ಸಾರಿ ಹೇಳಿ ಕಡಿಯುವುದಿಲ್ಲ. ನಡುವೆ ಬೇರೆ ಪೆಟ್ಟಿಗೆಗಳಿದ್ದರೆ ರೂಟರಿನ ದೀಪ ಹಸಿರಾಗಿಯೇ ಇರುತ್ತದೆ, ಪ್ಯಾಕೆಟ್ ಮಾತ್ರ ಆಚೆ ಮುಟ್ಟುವುದಿಲ್ಲ. ಈ ಮೌನದ ಸಾವನ್ನೂ ಲಿನಕ್ಸ್‌ನಲ್ಲಿ ತರಿಸಬಹುದು. ತಂತಿ ಜೀವಂತ, ಅದರೊಳಗೆ ಬಿದ್ದ ಪ್ಯಾಕೆಟ್‌ಗಳೆಲ್ಲ ನಾಶ ಎಂದು ಹೇಳಿದರೆ ಸಾಕು.

ಆಗ ಪಿಂಗ್ ನಿಲ್ಲುತ್ತದೆ. ಓಎಸ್‌ಪಿಎಫ್ ರೂಟರ್‌ಗಳು 10 ಸೆಕೆಂಡಿಗೊಮ್ಮೆ ನೆರೆಯವರಿಗೆ “ಇದ್ದೇನೆ” ಎನ್ನುತ್ತವೆ. 40 ಸೆಕೆಂಡು ಆ ಮಾತು ಕೇಳದಿದ್ದರೆ ಮಾತ್ರ ನೆರೆಯವನು ಇಲ್ಲವೆಂದು ತೀರ್ಮಾನ. ಹಾಗಾಗಿ ಪರದೆಯ ಮೇಲೆ ಮೂವತ್ತರಿಂದ ನಲವತ್ತು ಉತ್ತರಗಳು ಕಾಣೆಯಾಗಿ, ಆಮೇಲೆ ಭಾಲ್ಕಿಯ ದಾರಿಯಿಂದ ಉತ್ತರ ಬರತೊಡಗುತ್ತದೆ. ಅದೇ ತ್ರಿಕೋನದಲ್ಲಿ ರಿಪ್ ಇಟ್ಟರೆ ಹಳೆಯ ದಾರಿ ಸತ್ತಿತೆಂದು ಒಪ್ಪಲು ಅದಕ್ಕೆ ಸುಮಾರು ಮೂರು ನಿಮಿಷ ಬೇಕು. ಓಎಸ್‌ಪಿಎಫ್ ಜೊತೆಗೆ ಬಿಎಫ್‌ಡಿ ಎಂಬ ಚುರುಕು ಕಾವಲುಗಾರನನ್ನು ಕೂಡಿಸಿದರೆ, 300 ಮಿಲಿಸೆಕೆಂಡಿಗೊಮ್ಮೆ ತಟ್ಟಿ ನೋಡಿ, ಮೂರು ಸಲ ಉತ್ತರ ಬಾರದಿದ್ದರೆ ಕೂಗು ಹಾಕುತ್ತದೆ. ಅಂದರೆ ಒಂದು ಸೆಕೆಂಡಿನೊಳಗೆ ಕೆಲಸ ಮುಗಿಯಿತು. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ ತಂತಿ ಕಡಿದದ್ದೇ ಗೊತ್ತಾಗುವುದಿಲ್ಲ.

ಒಳಗೆ ನಡೆದದ್ದನ್ನು ಕಣ್ಣಾರೆ ನೋಡಲು ವೈರ್‌ಶಾರ್ಕ್ ಎಂಬ ತಂತ್ರಾಂಶವಿದೆ. ಬೀದರಿನ ನೌಬಾದ್ ಬಳಿ ಬಹಮನಿ ಕಾಲದ ಸುರಂಗ ನೀರುದಾರಿಯೊಂದಿದೆ, ಕಾರೇಜ್. ನೆಲದಡಿಯ ಆ ಸುರಂಗಕ್ಕೆ ಮೇಲಿನಿಂದ ಅಲ್ಲಲ್ಲಿ ನೆಟ್ಟಗೆ ಬಾವಿ ತೋಡಿದ್ದಾರೆ. ನೀರು ಎಲ್ಲಿ ನಿಂತಿದೆಯೆಂದು ಇಣುಕಿ ನೋಡಬಹುದು, ಇಳಿದು ಹೂಳು ತೆಗೆಯಬಹುದು. ವೈರ್‌ಶಾರ್ಕ್ ತಂತಿಯ ಮೇಲೆ ಅಂಥದೇ ಬಾವಿ ತೋಡಿಕೊಡುತ್ತದೆ. ಯಾವ ಸೆಕೆಂಡಿಗೆ ಯಾವ ರೂಟರ್ ಯಾರಿಗೆ ಏನು ಹೇಳಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ.

ತಂತ್ರಾಂಶ ರೂಟರ್ ಎಲ್ಲವನ್ನೂ ತೋರಿಸುತ್ತದೆಂದು ತಿಳಿಯಬಾರದು. ಅದೂ ಎಡವುತ್ತದೆ. 2019ರ ಜನವರಿಯಲ್ಲಿ ಸಂಶೋಧಕರ ಬಿಜಿಪಿ ಪ್ರಯೋಗವೊಂದು ಎಫ್‌ಆರ್‌ಆರ್‌ನ ಒಂದು ದೋಷವನ್ನು ಹೊರಗೆಳೆದು, ಅದರ ಕರ್ತೃಗಳು ತಿದ್ದುಪಡಿ ಹೊರಡಿಸಬೇಕಾಯಿತು. ಒಂದೇ ಪ್ರೊಸೆಸರಿನ ಮೇಲೆ ನೂರಾರು ರೂಟರ್ ಹೇರಿದರೆ ಸೆಕೆಂಡಿನ ಲೆಕ್ಕಗಳೂ ಏರುಪೇರಾಗುತ್ತವೆ. ಫೈಬರಿನ ಬೆಸುಗೆ ಸವೆದು ಬೆಳಕು ಮಂದವಾಗುವುದು ಲ್ಯಾಪ್‌ಟಾಪಿಗೆ ತಿಳಿಯದು.

ಉಂಗುರ ಮತ್ತು ಸೇತುವೆ

ಇದೆಲ್ಲ ಔರಾದಕ್ಕೆ ಈಗಲೇ ಏಕೆ ಮುಖ್ಯ? 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಹೋದದ್ದು ಹೆಚ್ಚಾಗಿ ಮರದ ಕೊಂಬೆಯ ರೀತಿಯಲ್ಲಿ, ಒಂದೇ ದಾರಿಯಲ್ಲಿ. ಕೊಂಬೆ ಕಡಿದರೆ ಅದರ ಮುಂದಿನ ಎಲೆಗಳೆಲ್ಲ ಬಾಡಿದಂತೆ. 2023ರ ಆಗಸ್ಟಿನಲ್ಲಿ ಸಚಿವ ಸಂಪುಟ ಒಪ್ಪಿದ, 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಈ ರಚನೆಯನ್ನು ಬದಲಿಸಿ ಉಂಗುರ ಮಾಡಬೇಕೆನ್ನುತ್ತದೆ. ಪ್ರತಿ ಪಂಚಾಯಿತಿಗೆ ಎರಡು ದಿಕ್ಕಿನಿಂದ ದಾರಿ, ಪ್ರತಿಯೊಂದರಲ್ಲೂ ರೂಟರ್. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಪ್ಯಾಕೆಟ್ ಬರಬೇಕು. ಆ ತಿರುವು 40 ಸೆಕೆಂಡಿನದೋ ಒಂದು ಸೆಕೆಂಡಿನದೋ ಎಂಬುದು ಫೈಬರ್ ಎಳೆಯುವವರ ಕೈಯಲ್ಲಿಲ್ಲ, ರೂಟರಿನೊಳಗೆ ಬರೆದ ಕೆಲವು ಸಾಲುಗಳಲ್ಲಿದೆ. ಆ ಸಾಲುಗಳನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಬಹುದು.

ಲ್ಯಾಪ್‌ಟಾಪಿಗೆ ಗೊತ್ತಿಲ್ಲದ ಒಂದು ಸಂಗತಿ ಮಾತ್ರ ಉಳಿಯುತ್ತದೆ. ಅದರ ಲೆಕ್ಕದಲ್ಲಿ ಎರಡು ತಂತಿ ಎಂದರೆ ಎರಡೇ. ನೆಲದ ಮೇಲೆ ಎರಡೂ ತಂತಿ ಒಂದೇ ತೋಡಿನಲ್ಲಿ ಮಲಗಿರಬಹುದು, ಒಂದೇ ಸೇತುವೆಯ ಪಕ್ಕೆಗೆ ಅಂಟಿಕೊಂಡು ಹೊಳೆ ದಾಟುತ್ತಿರಬಹುದು. ಬೀದರಿನಿಂದ ಬರಲಿ, ಭಾಲ್ಕಿಯಿಂದ ಬರಲಿ, ಔರಾದ ಪಟ್ಟಣ ಮುಟ್ಟಲು ಮಾಂಜ್ರಾ ದಾಟಲೇಬೇಕು. ಹೊಳೆ ದಾಟದೆ ಬರುವ ಮೂರನೆಯ ದಾರಿ ಬೇಕೆಂದರೆ ಅದು ಉತ್ತರದಿಂದ, ಮಹಾರಾಷ್ಟ್ರದ ಉದಗೀರ ಅಥವಾ ದೇಗಲೂರು ಕಡೆಯಿಂದ ಬರಬಹುದು. ಅಲ್ಲಿ ರಾಜ್ಯ ಬೇರೆ. ಜಾಲದ ಒಡೆಯರೂ ಬೇರೆಯಾಗಿದ್ದರೆ ಓಎಸ್‌ಪಿಎಫ್ ಸಾಲದು, ಬಿಜಿಪಿ ಬೇಕಾಗುತ್ತದೆ.

ಆದ್ದರಿಂದ ಪರೀಕ್ಷೆ ಬರೆಯುವವರಿಗೆ ಊರಿನವರ ಮಾತು ಬೇಕು. ಯಾವ ಸೇತುವೆಯ ಮೇಲೆ ನೀರು ಹರಿಯುತ್ತದೆ, ಯಾವ ರಸ್ತೆಯನ್ನು ಈ ವರ್ಷ ಅಗಲ ಮಾಡುತ್ತಿದ್ದಾರೆ, ಕರೆಂಟ್ ಹೋದರೆ ಯಾವ ಪಂಚಾಯಿತಿಯ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಎಂಬುದು ಲೈನ್‌ಮನ್‌ಗೆ ಗೊತ್ತು, ಪಂಚಾಯಿತಿಯ ಕಂಪ್ಯೂಟರ್ ಆಪರೇಟರಿಗೆ ಗೊತ್ತು. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತರೆ ಮೊದಲ ಸಾಲು: ಬೀದರ್–ಔರಾದ ತಂತಿ ಕಡಿ. ಪಿಂಗ್ ನಿಂತು ಮತ್ತೆ ಬರುತ್ತದೆ. ಎರಡನೆಯ ಸಾಲು: ಆ ತಂತಿ ಮತ್ತೆ ಜೋಡಿಸಿ, ಭಾಲ್ಕಿಯ ರೂಟರ್ ಆರಿಸು. ಪಿಂಗ್ ಅಲುಗುವುದೂ ಇಲ್ಲ. ಮೂರನೆಯ ಸಾಲು: ಎರಡೂ ತಂತಿ ಒಂದೇ ಸೇತುವೆಯ ಮೇಲಿವೆ, ಒಟ್ಟಿಗೆ ಕಡಿ. ಪಿಂಗ್ ನಿಲ್ಲುತ್ತದೆ. ನಲವತ್ತು ಸೆಕೆಂಡು ಕಳೆಯುತ್ತದೆ, ಮೂರು ನಿಮಿಷ ಕಳೆಯುತ್ತದೆ. ಉತ್ತರ ಬರುವುದಿಲ್ಲ. ಹಾಳೆಯ ಮೇಲೆ ಮೂರನೆಯ ಸಾಲಿನ ಎದುರು, ಉದಗೀರದ ಕಡೆಯಿಂದ ಒಂದು ತಂತಿಗೆ ಎಷ್ಟು ಖರ್ಚು ಎಂಬ ಪ್ರಶ್ನೆ ಸೇರುತ್ತದೆ.